ಸಿಹಿನೀರು ಕುಡಿದ ಕಲ್ಲು

ಅಕ್ಕ ಪ್ರಯೋಗಾಲಯದಲ್ಲಿ ಕಲ್ಲು ಪರೀಕ್ಷಿಸುವವಳು, ತಮ್ಮ ಎಣ್ಣೆಬಾವಿಯ ಪಂಪು ನೋಡಿಕೊಳ್ಳುವವನು. ಅವನ ಕೈಗೆ ಒಪ್ಪಿಸಿದ ಮೊದಲ ಬಾವಿ ಇದು. ಇದೊಂದು ಕೆಟ್ಟರೆ ಅವನ ಕೆಲಸ ಹೋಯಿತೆಂದೇ ಲೆಕ್ಕ.

ನೆಲದಾಳದ ಕಲ್ಲಿಗೆ ನೀರು ನುಗ್ಗಿಸಿ, ಅದರ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಂಡ ಎಣ್ಣೆಯನ್ನು ಪಕ್ಕದ ಬಾವಿಗೆ ತಳ್ಳಬೇಕಿತ್ತು. ಈ ಕಲ್ಲಿನಲ್ಲಿ ನೀರು ಸಲೀಸಾಗಿ ಹರಿಯುತ್ತದೆ ಎಂದು ವರದಿ ಕೊಟ್ಟವಳು ಅಕ್ಕನೇ.

ಬೆಳಿಗ್ಗೆ ತಮ್ಮ ಫೋನ್ ಮಾಡಿದ್ದ. "ಉಪ್ಪುನೀರಿನ ಟ್ಯಾಂಕ್ ಸೋರ್ತಿದೆ ಅಕ್ಕ. ಕಾಲುವೆ ನೀರೇ ಬಿಡಿ ಅಂದ್ರು ಸಾಹೇಬ್ರು. ಎಲ್ಲಾ ನೀರೇ ತಾನೆ?"

"ನಿಮ್ಮ ಸಾಹೇಬ್ರು ಹೇಳಿದ್ಮೇಲೆ ನನ್ನದೇನಪ್ಪ" ಎಂದು ನಕ್ಕು ಫೋನ್ ಇಟ್ಟಿದ್ದಳು. ಅದೆಲ್ಲಿತ್ತೋ ಅವಳ ಬುದ್ಧಿ!

ಚಹಾ ಬಾಯಿಗಿಡುವಾಗ ಅದು ಹೊಳೆಯಿತು. ಪ್ರಯೋಗಾಲಯದಲ್ಲಿ ಮೇಜಿನ ಪಕ್ಕ ಸದಾ ಉಪ್ಪುನೀರಿನ ಕ್ಯಾನೇ ಇರುತ್ತಿತ್ತು, ಕೈ ತಾನಾಗಿಯೇ ಅದಕ್ಕೆ ಹೋಗುತ್ತಿತ್ತು. ಆ ಕಲ್ಲಿಗೆ ಸಿಹಿನೀರನ್ನು ಅವಳು ತೋರಿಸಿಯೇ ಇರಲಿಲ್ಲ. ಅದರಲ್ಲಿ ಜೇಡಿಯಂಥ ಒಂದು ಖನಿಜವಿತ್ತು. ಉಪ್ಪಿದ್ದರೆ ಸುಮ್ಮನಿರುವ ಜಾತಿಯದು.

ಆ ಕಲ್ಲಿನ ಉಳಿದಿದ್ದ ತುಣುಕೊಂದನ್ನು ಲೋಟಕ್ಕೆ ಹಾಕಿ ನಲ್ಲಿ ನೀರು ಬಿಟ್ಟಳು. ನೋಡನೋಡುತ್ತಲೇ ಅಂಚು ಉಬ್ಬಿತು, ಮೆತ್ತಗಾಯಿತು, ಕೆಸರಾಗಿ ತಳಕ್ಕಿಳಿಯಿತು. ನೆಲದಡಿಯಲ್ಲೂ ಹೀಗೇ ಉಬ್ಬಿದರೆ ರಂಧ್ರಗಳೆಲ್ಲ ಮುಚ್ಚಿ, ಎಣ್ಣೆ ಅಲ್ಲೇ ಸಮಾಧಿಯಾಗುತ್ತದೆ.

ತಮ್ಮನಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಮತ್ತೆ ಹಚ್ಚಿದಳು. ಆ ಹಾಳು ಪಂಪಿನ ಗದ್ದಲದಲ್ಲಿ ಅವನಿಗೆ ಕೇಳಿಸುವುದಾದರೂ ಹೇಗೆ? ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗಿದಳು. ಕೊನೆಗೂ ಎತ್ತಿದ.

"ಶುರು ಮಾಡಿದ್ಯಾ?"

"ಆಗ್ಲೇ ಮಾಡಿದೆ ಅಕ್ಕ. ಒತ್ತಡ ಏರ್ತಾನೇ ಇದೆ. ಭರ್ಜರಿಯಾಗಿ ಹೋಗ್ತಿದೆ ಅನ್ಸುತ್ತೆ."

"ಹೋಗ್ತಿಲ್ಲ ಕಣೋ, ಕಟ್ಕೊಳ್ತಿದೆ. ಮೊದ್ಲು ನಿಲ್ಸು."

"ಸಾಹೇಬ್ರನ್ನ ಕೇಳ್ದೆ ಹೇಗೆ..."

"ನಾನು ಹೇಳ್ದೆ ಅನ್ನು. ನನ್ನ ಪರೀಕ್ಷೆನೇ ತಪ್ಪು ಅನ್ನು. ನಿಲ್ಸೋ."

ಅತ್ತಲಿನ ಗದ್ದಲ ಸಣ್ಣದಾಗುತ್ತ ಹೋಗಿ ನಿಂತಿತು.

"ನಿಲ್ಸಿದೆ" ಎಂದ ತಮ್ಮ. ಆಮೇಲೆ ದನಿ ತಗ್ಗಿಸಿ, "ಆದ್ರೆ ಅಕ್ಕ, ಒತ್ತಡದ ಮುಳ್ಳು ಕೆಳಗೇ ಬರ್ತಿಲ್ಲ. ನೀರು ಒಳಗೆ ಹೋಗಿದ್ರೆ ಬರ್ಬೇಕಿತ್ತಲ್ವಾ?"

ಬರಬೇಕಿತ್ತು. ಒಮ್ಮೆ ಉಬ್ಬಿದ ಆ ಜೇಡಿ ಮತ್ತೆ ಕುಗ್ಗಿದ್ದನ್ನು ಅವಳು ಇದುವರೆಗೆ ಕಂಡಿರಲಿಲ್ಲ.

"ಬರುತ್ತೆ ಕಣೋ" ಎಂದಳು. "ಸ್ವಲ್ಪ ಕಾಯಿ."