ಎರವಲು ಕೈಗವಸು

"ನೀರು ಬಂತು, ಬಕೆಟ್ ಇಡಮ್ಮಾ," ಎಂದು ಅತ್ತೆ ಒಳಗಿನಿಂದ ಹೇಳಿದರು. "ಹೋದವನು ಹೋದ. ನಲ್ಲಿ ಯಾರಿಗೂ ಕಾಯಲ್ಲ."

ಅವಳು ಬಕೆಟ್ ಇಟ್ಟಳು. ಅಂತ್ಯಕ್ರಿಯೆಗೆ ಬಂದ ನೆಂಟರು ನಿನ್ನೆ ಸಂಜೆಯ ಬಸ್ಸಿಗೆ ಹೋಗಿದ್ದರು. ಬಾಡಿಗೆ ಕುರ್ಚಿಗಳೂ ಹೋಗಿದ್ದವು. ನೀರು ತುಂಬಿ ಚೆಲ್ಲತೊಡಗಿದರೂ ಅವಳ ಕೈ ನಲ್ಲಿಯ ಕಡೆ ಹೋಗಲಿಲ್ಲ. ಅತ್ತೆಯೇ ಬಂದು ತಿರುಗಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಗಂಡ ಗಡಿ ಕಚೇರಿಯಲ್ಲಿ ದುಭಾಷಿಯಾಗಿದ್ದ. ಎರಡು ದೇಶಗಳ ಸೇನಾಧಿಕಾರಿಗಳು ಗಡಿಯ ಗೇಟಿನ ಪಕ್ಕದ ಮರದ ಕೊಠಡಿಯಲ್ಲಿ ಎದುರುಬದುರು ಕೂತಾಗ ಮೇಜಿನ ಒಂದು ತುದಿಗೆ ಇವನು, ಇನ್ನೊಂದು ತುದಿಗೆ ಆ ಕಡೆಯ ಮುದುಕ ದುಭಾಷಿ. ಹೋದ ವಾರ ಕಚೇರಿಯ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವನು ಏಳಲೇ ಇಲ್ಲ. ಅದು ಸಾಯುವ ವಯಸ್ಸಲ್ಲ ಎಂದು ಬಂದವರೆಲ್ಲ ಹೇಳಿದರು, ಅವಳಿಗೆ ಗೊತ್ತಿಲ್ಲವೇನೋ ಎಂಬಂತೆ.

ಎರಡನೆಯ ಬಕೆಟ್ ತುಂಬುವ ಹೊತ್ತಿಗೆ ಕರ್ನಲ್ ಬಂದರು. ಗಂಡನ ಮೇಲಧಿಕಾರಿ. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಚಹಾ ಮುಗಿಯುವವರೆಗೂ ಹವಾಮಾನದ ಮಾತಾಡಿದರು. ಆಮೇಲೆ ಕೇಳಿದರು: "ಅವನ ಹತ್ರ ಒಂದು ಜೊತೆ ಚರ್ಮದ ಕೈಗವಸು ಇತ್ತಲ್ಲಮ್ಮಾ, ಒಳಗೆ ಉಣ್ಣೆ ಇರೋದು?"

ಅವಳು ತಲೆಯಾಡಿಸಿದಳು. ಅವು ಅವಳ ದಿಂಬಿನ ಕೆಳಗಿದ್ದವು.

"ಅವು ಆ ಕಡೆಯ ದುಭಾಷಿಯವು. ಈಗ ವಾಪಸ್ ಕೇಳ್ತಿದಾರೆ."

ಅತ್ತೆಗೆ ರೇಗಿಹೋಯಿತು. "ಮಣ್ಣು ಇನ್ನೂ ಒಣಗಿಲ್ಲ, ಆಗಲೇ ಸಾಲ ವಸೂಲಿಗೆ ಬಂದ್ನಾ? ಎಂಥ ಜಿಪುಣ ಇರಬೇಕು."

"ಜಿಪುಣ ಅಲ್ಲ ತಾಯಿ," ಎಂದರು ಕರ್ನಲ್. "ಬಹಳ ಉದಾರಿ."

ಕೊನೆಯ ಸಭೆಯ ದಿನ ಕೊಠಡಿಯನ್ನು ಬೆಚ್ಚಗಿಡುವ ಒಲೆ ಕೆಟ್ಟಿತ್ತು. ಗಂಡ ಎಂದಿನಂತೆ ತನ್ನ ಕೈಗವಸು ಎಲ್ಲೋ ಕಳೆದುಕೊಂಡಿದ್ದ. ಮುದುಕ ತನ್ನವನ್ನು ಬಿಚ್ಚಿ ಮೇಜಿನ ಮೇಲೆ ತಳ್ಳಿದ್ದ. "ಆ ಕಡೆಯವರಿಂದ ಉಡುಗೊರೆ ತಗೋಬಾರದು ಅಂತ ನಿಯಮ ಇದೆ. ಎರವಲಿನ ಬಗ್ಗೆ ನಿಯಮಕ್ಕೆ ಬಾಯೇ ಇಲ್ಲ," ಎಂದು ಗಂಡ ಮನೆಗೆ ಬಂದು ನಕ್ಕಿದ್ದ. ಮುಂದಿನ ಸಭೆಗೆ ಹಿಂತಿರುಗಿಸುವುದೆಂದು ಮಾತು. ಅಷ್ಟರಲ್ಲಿ ಬೆಟ್ಟದ ಮೇಲೆ ಗುಂಡು ಹಾರಿತು, ಸಭೆಗಳು ನಿಂತವು. ಚಳಿಗಾಲವಿಡೀ ಅವನು ಅವನ್ನೇ ಹಾಕಿಕೊಂಡು ಸ್ಕೂಟರ್ ಓಡಿಸಿದ.

"ಮಂಜಲ್ಲಿ ದಾರಿ ತಪ್ಪಿ ಗಡಿ ಗೆರೆ ದಾಟಿದ ನಮ್ಮ ಇಬ್ಬರು ಹುಡುಗರು ಇನ್ನೂ ಅಲ್ಲೇ ಇದಾರೆ," ಎಂದರು ಕರ್ನಲ್. "ಸಭೆ ಕರೀರಿ ಅಂತ ನಾವು ಕೇಳೋ ಹಾಗಿಲ್ಲ, ಅವರೂ ಕೇಳಲ್ಲ. ಯಾರ ಮೀಸೆಗೂ ಮಣ್ಣಾಗಬಾರದು ನೋಡಿ. ಈಗ ಉಳಿದಿರೋದು ದಿನಾ ಬೆಳಗ್ಗೆ ಲೈನ್ ಸರಿ ಇದೆಯಾ ಅಂತ ನೋಡೋ ಫೋನ್ ಒಂದೇ. ಅದರಲ್ಲಿ ಬರೆದುಕೊಟ್ಟ ಒಂದು ವಾಕ್ಯವನ್ನ ಎರಡೂ ಕಡೆಯವರು ಓದಿ ಫೋನ್ ಇಡಬೇಕು, ಅಷ್ಟೇ. ನಿನ್ನೆ ಆ ಮುದುಕರು ವಾಕ್ಯ ಓದಿ, ನನ್ನ ಕೈಗವಸು ನಿಮ್ಮಲ್ಲಿವೆ ಅಂದ್ರು. ಗೆರೆ ದಾಟಿದ ವಸ್ತು ವಾಪಸ್ ಕೊಡೋಕೆ ಗೇಟ್ ತೆಗೀಬಹುದು. ದನ, ಕುರಿ, ಏನಾದ್ರೂ. ಗೇಟ್ ತೆಗೆದ್ರೆ ಎರಡೂ ಕಡೆ ಅಧಿಕಾರಿಗಳು ಅಲ್ಲಿರಲೇಬೇಕು."

ವಿಶ್ವವಿದ್ಯಾಲಯದಲ್ಲಿ ಅವಳು ಓದಿದ್ದು ಇದನ್ನೇ: ಬಿಗಿದ ಮುಷ್ಟಿಯನ್ನು ದೇಶಗಳು ಮಾನ ಕಳೆದುಕೊಳ್ಳದೆ ಸಡಿಲಿಸುವುದು ಹೇಗೆ. ಒಳ್ಳೆಯ ಅಂಕಗಳೂ ಬಂದಿದ್ದವು.

"ನಿಮಗೆ ಬೇಕಿರೋದು ನೆಪ," ಎಂದಳು.

"ಹೌದಮ್ಮಾ."

"ಅಂಥದ್ದೇ ಹೊಸ ಜೊತೆ ತಂದು ಕೊಟ್ರೆ ಆಗಲ್ವಾ?"

ಕರ್ನಲ್ ಖಾಲಿ ಲೋಟದೊಳಗೆ ನೋಡಿದರು. "ಹೊಸದು ಕೊಟ್ರೆ ಅದು ಉಡುಗೊರೆಯಾಗತ್ತೆ. ಆ ಕಡೆಯವರು ಮುಟ್ಟೋ ಹಾಗಿಲ್ಲ." ಲೋಟ ಕೆಳಗಿಟ್ಟು ಹೇಳಿದರು: "ನೀನೇ ಬರಬೇಕಾಗತ್ತೆ. ನಾನು ಕೊಟ್ರೆ ಅದು ಸರ್ಕಾರದ ಮಾತು. ಮನೆಯವರು ಕೊಟ್ರೆ ಸಾಲ ತೀರಿಸಿದ ಹಾಗೆ. ಆಗಲ್ಲ ಅಂದ್ರೆ ನಾನು ಒತ್ತಾಯ ಮಾಡಲ್ಲ."

ಅವಳು ಕೋಣೆಗೆ ಹೋಗಿ ದಿಂಬು ಎತ್ತಿದಳು. ಸ್ಕೂಟರಿನ ಹಿಡಿಕೆ ಹಿಡಿದು ಹಿಡಿದು ಕೈಗವಸಿನ ಬೆರಳುಗಳು ಬಾಗಿದಂತೆಯೇ ಗಟ್ಟಿಯಾಗಿದ್ದವು. ಅವಳು ಒಂದರೊಳಗೆ ಕೈ ತೂರಿಸಿದಳು. ಅವನ ಬೆರಳು ಉದ್ದ; ಚರ್ಮ ಅದಕ್ಕೆ ತಕ್ಕಂತೆ ಹಿಗ್ಗಿತ್ತು. ತುದಿಗಳಲ್ಲಿ ಅವಳಿಗೆ ನಿಲುಕದ ಜಾಗ ಉಳಿಯುತ್ತಿತ್ತು. ಈ ರಾತ್ರಿಗಳಲ್ಲಿ ಅವಳು ನಿದ್ದೆ ಮಾಡಿದ್ದು ಹೀಗೆಯೇ. ಅವನ ಅಂಗಿಗಳನ್ನೆಲ್ಲ ಯಾರೋ ಒಳ್ಳೆಯ ಮನಸ್ಸಿನ ನೆಂಟರು ಒಗೆದು ಇಸ್ತ್ರಿ ಮಾಡಿ ಮಡಚಿಟ್ಟಿದ್ದರು. ಅವನ ಆಕಾರ ಉಳಿದಿದ್ದು ಇವುಗಳಲ್ಲಿ ಮಾತ್ರ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಇಲ್ಲಿ ಕೊಡು ಒಂದನ್ನ." ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ರಸ್ತೆ ದಾಟಿಸಲು ಯಾರದೋ ಕೈ ಹಿಡಿದ ಹಾಗೆ. ಆಮೇಲೆ ಸೆರಗಿನಿಂದ ಒರೆಸಲು ಹೋದರು. "ಎರವಲು ತಂದಿದ್ದನ್ನ ಕೊಳೆ ಸಮೇತ ಕೊಡಬಾರದು."

"ಒರೆಸಬೇಡಿ ಅತ್ತೆ."

ಅತ್ತೆ ಸೆರಗು ಬಿಟ್ಟರು. "ಆ ಹುಡುಗರಿಗೂ ಮನೇಲಿ ಯಾರೋ ಇರ್ತಾರೆ," ಎಂದರು. 

ಅವಳು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡಳು.

ಗೇಟಿನ ಬಳಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಬಿಳಿ ಬಣ್ಣದ ಗೆರೆಯ ಆಚೆ ಇಬ್ಬರು ಅಧಿಕಾರಿಗಳು. ಅವರಿಗಿಂತ ಒಂದು ಹೆಜ್ಜೆ ಮುಂದೆ, ಬರಿಗೈಯಲ್ಲಿ, ಕುಳ್ಳಗಿನ ಮುದುಕ. ಅವಳು ಗೆರೆಯವರೆಗೆ ನಡೆದು ಕೈಗವಸುಗಳನ್ನು ಚಾಚಿದಳು. ಅವು ಅವಳ ಅಂಗೈಯಲ್ಲಿ ಏನನ್ನೋ ಹಿಡಿದುಕೊಂಡಂತೆಯೇ ಕೂತಿದ್ದವು.

ಮುದುಕ ಅವಳ ಭಾಷೆಯನ್ನು ಪುಸ್ತಕದಿಂದ ಕಲಿತವರು. "ತಮ್ಮನ್ನು ನಾನು ಇದಕ್ಕಾಗಿ ಕೇಳಬಾರದಾಗಿತ್ತು," ಎಂದರು. "ಬೇರೆ ಮಾರ್ಗವು ನನಗೆ ತೋಚಲಿಲ್ಲ."

"ಚಳೀಲಿ ಉಪಯೋಗಕ್ಕೆ ಬಂದ್ವು," ಎಂದಳು ಅವಳು. "ಥ್ಯಾಂಕ್ಸ್."

ಅವರು ತೆಗೆದುಕೊಂಡರು. ಅವಳ ಹಿಂದೆ ಕರ್ನಲ್ ಗಂಟಲು ಸರಿಮಾಡಿಕೊಂಡು, ಹೇಗೂ ಬಂದಿದ್ದೇವೆ, ಒಳಗೆ ಕೂರಬಹುದಲ್ಲವೇ ಎಂದರು. ಮುದುಕ ಅದನ್ನು ತನ್ನವರಿಗೆ ಅನುವಾದಿಸಿದರು. ಆ ಕಡೆಯ ಅಧಿಕಾರಿ ಗಡಿಯಾರ ನೋಡಿಕೊಂಡು ತಲೆಯಾಡಿಸಿದ. ಯಾರೋ ಕೊಠಡಿಯ ಬಾಗಿಲು ತೆರೆದರು, ಒಳಗೆ ಕುರ್ಚಿ ಎಳೆದ ಸದ್ದು ಕೇಳಿತು.

ಚಳಿಗೆ ಮುದುಕನ ಬೆರಳುಗಳು ಕೆಂಪಾಗಿದ್ದವು. ಆದರೂ ಅವರು ಕೈಗವಸು ತೊಡಲಿಲ್ಲ, ಮಡಚಿ ಜೇಬಿಗೂ ಇಡಲಿಲ್ಲ. ಬಾಗಿದ ಬೆರಳುಗಳು ನೇರವಾಗದ ಹಾಗೆ ಎರಡೂ ಅಂಗೈಗಳ ಮೇಲೆ ಇಟ್ಟುಕೊಂಡು, ತುಂಬಿದ ಬಟ್ಟಲು ಹಿಡಿದವರಂತೆ ನಿಧಾನವಾಗಿ, ಮೆಟ್ಟಿಲು ಹತ್ತಿದರು.