ಫೋನಿಗೊಂದು ಅಂಗಿ

ದರ್ಜಿಯಮ್ಮನ ಅಂಗಡಿಯಲ್ಲಿ ಫೋನಿನ ಜಾಗ ಹೊಲಿಗೆ ಯಂತ್ರದ ಖಾನೆ. ಬಾಬಿನ್ನು, ಹುಕ್ಕು, ಮುರಿದ ಸೂಜಿಗಳ ನಡುವೆ ಅದು ಮಲಗಿರುತ್ತಿತ್ತು. ಗಿರಾಕಿಗಳು ಕರೆದರೆ ಹೊರಗೆ ಬಂದು ಮಾತಾಡಿ ಮತ್ತೆ ಒಳಗೆ ಸೇರಬೇಕು. ಖಾನೆಯ ಬೀಗದ ಕೈ ದರ್ಜಿಯಮ್ಮನ ಕೊರಳಲ್ಲಿ, ಅಳತೆ ಟೇಪಿನ ಜೊತೆ ತೂಗುತ್ತಿತ್ತು.

ಇಷ್ಟೆಲ್ಲ ಬಂದೋಬಸ್ತು ಮಗಳಿಗಾಗಿ. ಏಳನೇ ತರಗತಿಯ ಆ ಹುಡುಗಿ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಅದಕ್ಕೇ ಬೀದಿಯವರೆಲ್ಲ ಅವಳನ್ನು ಗಿಲಕಿ ಎನ್ನುತ್ತಿದ್ದರು. ದರ್ಜಿಯಮ್ಮ ತನ್ನ ಅಕ್ಕನ ಮಗನನ್ನು ನೋಡಿದ್ದಳು. ಫೋನಿನಲ್ಲಿ ಕಣ್ಣು ನೆಟ್ಟು, ತಟ್ಟೆ ಎಲ್ಲಿದೆ ಎಂದು ಮೇಜು ತಡಕಾಡುವ ಹುಡುಗ, ಕರೆದರೆ ಓಗೊಡುವುದನ್ನೇ ಮರೆತವನು. ನಾಳೆ ಗಿಲಕಿಯ ಸದ್ದೂ ಹಾಗೆ ನಿಂತುಹೋದರೆ ಈ ಮನೆಯಲ್ಲಿ ಉಳಿಯುವುದಾದರೂ ಏನು? ಅದೇ ಅವಳ ಅಂಜಿಕೆ.

ಹೀಗಿರುವಾಗ ಗಿಲಕಿ ಶಾಲೆಯಿಂದ ಒಂದು ಸುದ್ದಿ ಹೊತ್ತು ತಂದಳು. ಕಣ್ಣಿಗೆ ಸಿಗದಷ್ಟು ಬೇಗ ಓಡುವ ಯಾವುದಾದರೂ ವಸ್ತುವನ್ನು ಫೋನಿನಲ್ಲಿ ವಿಡಿಯೋ ಮಾಡಿ, ನಿಧಾನವಾಗಿ ಓಡಿಸಿ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಶನಿವಾರ ತರಗತಿಗೆ ವಿವರಿಸಬೇಕಂತೆ. ನಾಲ್ಕು ಮಕ್ಕಳಿಗೆ ಒಂದೇ ಫೋನು ಸಾಕಂತೆ. ಗಿಲಕಿಯ ಗುಂಪು ಹೊಲಿಗೆ ಯಂತ್ರವನ್ನು ಆರಿಸಿಕೊಂಡಿತ್ತು. ಸೂಜಿಯ ದಾರ ಕೆಳಗಿನ ದಾರವನ್ನು ಹೇಗೆ ಹಿಡಿಯುತ್ತದೆ? ಉಳಿದ ಮೂವರ ಮನೆಯಲ್ಲಿದ್ದದ್ದು ಬರೀ ಮಾತಾಡುವ ಫೋನು. ದರ್ಜಿಯಮ್ಮ ಒಲ್ಲೆ ಎಂದರೆ ನಾಲ್ವರೂ ಕೈಕಟ್ಟಿ ಕೂರಬೇಕು.

"ವಿಡಿಯೋ ಯಾಕೆ? ಬಾಯಲ್ಲಿ ಹೇಳಿದ್ರೆ ಆಗಲ್ವಾ?" ಎಂದಳು ದರ್ಜಿಯಮ್ಮ.

"ಏನಂತ ಹೇಳ್ಲಿ? ನೀನೇ ಹೇಳು ನೋಡೋಣ, ಹೇಗೆ ಹಿಡಿಯುತ್ತೆ?"

"ಹೇಗೆ ಅಂದ್ರೆ... ಹಿಡಿಯುತ್ತೆ, ಅಷ್ಟೆ."

ಮಾರನೆಯ ದಿನ ವಿಜ್ಞಾನದ ಟೀಚರೇ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದರು. ದರ್ಜಿಯಮ್ಮ ಅಳತೆ ತೆಗೆಯುತ್ತಲೇ ಅಕ್ಕನ ಮಗನ ಕಥೆಯನ್ನೆಲ್ಲ ಒಪ್ಪಿಸಿದಳು. ಟೀಚರ್ ಅಲ್ಲಗಳೆಯಲಿಲ್ಲ. ಸುಮ್ಮನೆ ಕೈಗೆ ಕೊಟ್ಟು ಬಿಟ್ಟರೆ ಹಾಗೇ ಆಗುತ್ತದೆ ಎಂದು ಒಪ್ಪಿಕೊಂಡರು. ಆದರೆ ಏನು ನೋಡಬೇಕು, ಎಷ್ಟು ಹೊತ್ತು, ಯಾರ ಎದುರು ಎಂದು ಮೊದಲೇ ಗೊತ್ತು ಮಾಡಿಕೊಂಡರೆ ಅದೇ ಫೋನು ಪಾಠದ ಸಾಮಾನು ಎಂದರು.

"ಒಂದ್ಸಲ ರುಚಿ ಹತ್ತಿದ್ರೆ ಬಿಡ್ತಾರಾ ಟೀಚರ್?"

"ಅಕ್ಕಾ, ನಿಮ್ಮ ಕತ್ತರಿ ಚೂಪಾಗಿಲ್ವಾ? ಆದ್ರೂ ಮಗಳ ಕೈಗೆ ಕೊಟ್ಟಿದ್ದೀರಿ. ಪಕ್ಕದಲ್ಲಿ ಕೂತು, ಹೀಗೆ ಹಿಡಿ ಅಂತ ತೋರಿಸಿ ಕೊಟ್ರಿ. ಇದೂ ಹಾಗೇನೇ."

ದರ್ಜಿಯಮ್ಮ ಅರ್ಧ ಕರಗಿದಳು. ಉಳಿದರ್ಧ ಮನಸ್ಸು ಅವಳನ್ನು ಹೊಲಿಯಲು ಕೂರಿಸಿತು. ಸಮವಸ್ತ್ರದ ಕಡುನೀಲಿ ತುಂಡಿನಲ್ಲಿ ಅವಳು ಫೋನಿಗೆ ಅಂಗಿ ಹೊಲಿದಳು. ಎರಡು ಪದರ, ಒಳಗೆ ಅಸ್ತರು, ಮೇಲ್ಗಡೆ ಗುಂಡಿ. ವಿಡಿಯೋಗೆ ಒತ್ತುವ ಗುರುತು ಕಾಣಲೆಂದು ಮುಂದೆ, ಕೆಳಗಡೆ, ಒಂದು ಪುಟ್ಟ ಕಿಟಕಿ. ಪರದೆಯ ಉಳಿದ ಭಾಗವೆಲ್ಲ ಬಟ್ಟೆಯ ಮರೆಯಲ್ಲಿ. ಗಿಲಕಿ ಕ್ಯಾಮೆರಾ ತೆರೆದು ಸಜ್ಜು ಮಾಡಿಟ್ಟ ಮೇಲೆ ದರ್ಜಿಯಮ್ಮನೇ ಅಂಗಿ ತೊಡಿಸಿ ಗುಂಡಿ ಹಾಕಿದಳು.

"ಒತ್ತು, ಹಿಡಿ, ಮತ್ತೆ ಒತ್ತು. ಇಣುಕಬೇಡ."

ಅಮ್ಮ ಒಪ್ಪಿದ್ದೇ ಹೆಚ್ಚು ಎಂಬ ಖುಷಿಯಲ್ಲಿ ಗಿಲಕಿ ಹೇಳಿದಂತೆಯೇ ಮಾಡಿದಳು. ಯಂತ್ರ ಟಕಟಕ ಓಡಿತು. ಫೋನು ಬೀಗದೊಳಗೆ ಹೋಯಿತು.

ಶನಿವಾರ ಅದನ್ನು ಶಾಲೆಗೆ ತಂದವಳು ದರ್ಜಿಯಮ್ಮನೇ. ಕೊನೆಯ ಬೆಂಚಿನಲ್ಲಿ, ಮೊಣಕಾಲು ಮಡಚಿಕೊಂಡು ಕೂತಳು. ಒಂದು ಗುಂಪು ಬೀಳುವ ನೀರಹನಿಯನ್ನು ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ತೋರಿಸಿತು. ಹನಿ ಬಿದ್ದು ಕಿರೀಟದಂತೆ ಅರಳಿದಾಗ ಅವಳಿಗೇ ತಿಳಿಯದಂತೆ ಅವಳ ಬಾಯಿ ತೆರೆದಿತ್ತು. ಆಮೇಲೆ ಗಿಲಕಿಯ ಸರದಿ. ಗೋಡೆಯ ತುಂಬ ಕಡುನೀಲಿ ಬಣ್ಣ. ಸೂಜಿ ಇಲ್ಲ, ದಾರ ಇಲ್ಲ. ಯಂತ್ರದ ಸದ್ದು ಮಾತ್ರ ಎಲ್ಲಿಂದಲೋ ಗೊರಕೆ ಹೊಡೆದಂತೆ ಬರುತ್ತಿತ್ತು.

"ಕರೆಂಟ್ ಹೋದಾಗ ಹೊಲಿದಿದ್ದೇನೋ," ಎಂದ ಒಬ್ಬ ಹುಡುಗ. ತರಗತಿ ಬಿದ್ದು ಬಿದ್ದು ನಕ್ಕಿತು.

ಫೋನಿನ ಮುಖಕ್ಕೆ ಹೆದರಿದ್ದ ದರ್ಜಿಯಮ್ಮ ಅದರ ಕಣ್ಣು ಬೆನ್ನಲ್ಲಿರುತ್ತದೆ ಎಂಬುದನ್ನು ಮರೆತಿದ್ದಳು. ಅಸ್ತರು ಹಾಕಿ ಅಚ್ಚುಕಟ್ಟಾಗಿ ಮುಚ್ಚಿಬಿಟ್ಟಿದ್ದಳು. ಗೋಡೆಯ ಪಕ್ಕ ನಿಂತ ಮಗಳನ್ನು ನೋಡಿದಳು. ಗಿಲಕಿ ತುಟಿ ಕಚ್ಚಿಕೊಂಡಿದ್ದಳು. ಯಾವ ಸದ್ದು ನಿಂತೀತೆಂದು ಇಷ್ಟು ದಿನ ಕಾವಲು ಕಾದಳೋ ಆ ಸದ್ದನ್ನು ನಿಲ್ಲಿಸಿದ್ದು ಅವಳದೇ ಹೊಲಿಗೆ.

ದರ್ಜಿಯಮ್ಮ ಬೆಂಚಿನಿಂದ ಬಿಡಿಸಿಕೊಂಡು ಎದ್ದಳು.

"ಟೀಚರ್, ತಪ್ಪು ಹುಡುಗಿಯದಲ್ಲ, ದರ್ಜಿಯದು. ಅಂಗಡಿ ಇಲ್ಲೇ ಎದುರಿಗಿದೆ. ಎಲ್ಲರೂ ಬನ್ನಿ."

ಇಡೀ ತರಗತಿ ಬೀದಿ ದಾಟಿತು. ಒಳಗೆ ಹಿಡಿಸಿದಷ್ಟು ಮಕ್ಕಳು ಒಳಗೆ, ಉಳಿದವರು ಕಿಟಕಿಗೆ ಜೋತುಬಿದ್ದರು. ದರ್ಜಿಯಮ್ಮ ಗುಂಡಿ ಬಿಚ್ಚಿ ಫೋನನ್ನು ಬರಿಮೈಯಲ್ಲೇ ಮಗಳ ಕೈಗಿತ್ತಳು, ಸೂಜಿಯ ಕೆಳಗಿನ ತಗಡು ತೆಗೆದು ಹೊಲಿಯತೊಡಗಿದಳು. ಗಿಲಕಿ ಬಗ್ಗಿ ವಿಡಿಯೋ ಮಾಡಿ, ನಿಧಾನಕ್ಕೆ ಓಡಿಸಿದಳು.

ಸೂಜಿ ಇಳಿಯಿತು. ಮೇಲೇಳುವ ಹೊತ್ತಿಗೆ ದಾರ ಸಡಿಲಾಗಿ ಒಂದು ಪುಟ್ಟ ಕುಣಿಕೆ ಬಿಟ್ಟಿತು. ತಿರುಗುತ್ತ ಬಂದ ಕೊಕ್ಕೆ ಆ ಕುಣಿಕೆಗೆ ಮೂತಿ ತೂರಿಸಿ, ಅದನ್ನು ಹಿಗ್ಗಿಸಿ, ಕೆಳಗಿನ ದಾರ ಸುತ್ತಿದ ಬಾಬಿನ್ನಿಗೆ ಒಂದು ಪ್ರದಕ್ಷಿಣೆ ಹಾಕಿಸಿ ಬಿಟ್ಟಿತು. ಗಿಲಕಿಯ ಬಾಯಿ ಬಿಚ್ಚಿಕೊಂಡಿತು. ಕುಣಿಕೆ ಯಾಕೆ ಬೇಕು, ಕೊಕ್ಕೆ ತಡವಾಗಿ ಬಂದರೆ ಹೊಲಿಗೆ ಯಾಕೆ ತಪ್ಪುತ್ತದೆ, ಎಲ್ಲವನ್ನೂ ಉಸಿರು ತೆಗೆದುಕೊಳ್ಳದೆ ವಿವರಿಸಿದಳು. ಅವಳ ಗುಂಪಿನ ಮೂವರಿಗೆ ನಡುವೆ ಬಾಯಿ ಹಾಕಲು ಜಾಗವೇ ಸಿಗಲಿಲ್ಲ.

"ಇನ್ನೊಂದ್ಸಲ ಹಾಕೇ," ಎಂದಳು ದರ್ಜಿಯಮ್ಮ. ಹಾಕಿದಳು. ಅಮ್ಮ ಮತ್ತೊಂದು ಸಲ ಎಂದಳು. ತಾನು ಪ್ರಾಯವೆಲ್ಲ ಸವೆಸಿದ ಯಂತ್ರದ ಹೊಟ್ಟೆಯೊಳಗೆ ಇಂಥ ಕುಣಿತ ನಡೆಯುತ್ತದೆಂದು ಯಾರಿಗೆ ಗೊತ್ತಿತ್ತು? ಅವಳು ಪರದೆಗೆ ಮೂಗು ತಾಗಿಸಿ ಕೂತುಬಿಟ್ಟಳು. ಟೀಚರ್ ಕರೆದರು, ಕೇಳಿಸಲಿಲ್ಲ.

ಕೊನೆಗೆ ಗಿಲಕಿಯೇ ಸೊಂಟದ ಮೇಲೆ ಕೈಯಿಟ್ಟಳು.

"ಸಾಕಮ್ಮಾ. ಪಾಠ ಮುಗೀತು. ಅಂಗಿ ಹಾಕು."

ಈಗ ಆ ತರಗತಿಯ ಫೋನುಗಳಿಗೆಲ್ಲ ದರ್ಜಿಯಮ್ಮನೇ ಅಂಗಿ ಹೊಲಿದಿದ್ದಾಳೆ. ಪಾಠಕ್ಕೆ ಬಿಚ್ಚುವುದು, ಪಾಠ ಮುಗಿದರೆ ತೊಡಿಸುವುದು. ಖಾನೆಯ ಬೀಗದ ಕೈ ಎಲ್ಲಿ ಬಿದ್ದಿದೆಯೋ ಅವಳಿಗೇ ನೆನಪಿಲ್ಲ.

ನಿಮ್ಮ ಮನೆಯ ಫೋನು ಯಾವ ಖಾನೆಯಲ್ಲಿದೆ? ಮಗು ಪಾಠಕ್ಕೆಂದು ಕೇಳಿದರೆ ಟೀಚರ್ ಹತ್ತಿರ ಒಂದು ಮಾತು ವಿಚಾರಿಸಿ. ಯಾವ ಪಾಠ, ಎಷ್ಟು ಹೊತ್ತು ಎಂದು ಮಗುವಿನ ಜೊತೆ ಕೂತು ಗೊತ್ತು ಮಾಡಿ. ದುಬಾರಿ ಫೋನು ಬೇಕಿಲ್ಲ, ಮಗುವಿಗೊಂದು ಬೇಕಿಲ್ಲ, ನಾಲ್ಕು ಮಕ್ಕಳು ಒಂದನ್ನೇ ಹಂಚಿಕೊಂಡು ಕಲಿಯಲಿ. ಹೊತ್ತು ಮುಗಿದಾಗ ಎತ್ತಿಡಿ, ನೀವೂ ಎತ್ತಿಡಿ. ಅಲ್ಲಿಯವರೆಗೆ ಪಕ್ಕದಲ್ಲೇ ಕೂತು ನೋಡಿ. ನೀವು ದಿನಾ ಮುಟ್ಟುವ ವಸ್ತುವೊಂದರ ಗುಟ್ಟನ್ನು ನಿಮ್ಮ ಮಗುವೇ ನಿಮಗೆ ತೋರಿಸೀತು.