ಕೇಳಿದರೆ ಸಹಾಯ ಮಾಡದ ಹುಡುಗಿ

ನರೀನ್ ಪಟ್ಟಣದ ನರ್ಸಿಂಗ್ ಶಾಲೆಗೆ ಆ ಹಳ್ಳಿಯಿಂದ ಒಬ್ಬಳಿಗೆ ಮಾತ್ರ ಸೀಟು. ಓದಿನಲ್ಲೆಲ್ಲ ಕಲಿಪಾಳ ಮಗಳು ಚೊಲ್ಪೊನ್‌ಳೇ ಮುಂದು. ಆದರೆ ಮಕ್ಕಳ ಪರೋಪಕಾರ ಬುದ್ಧಿಯನ್ನು ಅಳೆಯುವ ಹೊಸ ಪರೀಕ್ಷೆಯೊಂದು ಬಂದಿತ್ತಲ್ಲ, ಅದರಲ್ಲಿ ಅವಳಿಗೇ ಎಲ್ಲರಿಗಿಂತ ಕಡಿಮೆ. ಪರೋಪಕಾರಕ್ಕೂ ಅಂಕ ಹಾಕುವ ಕಾಲ ಬಂತು, ಏನು ಹೇಳೋಣ.

ಆವತ್ತು ನೆರೆಯವರ ಮನೆಗೆ ಆಶರ್ ನಡೆದಿತ್ತು. ಊರೆಲ್ಲ ಕೂಡಿ ಕೂಲಿಯಿಲ್ಲದೆ ಗೋಡೆ ಎಬ್ಬಿಸುತ್ತಿತ್ತು. ಮಗಳ ಅಂಕದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಲ್ಲೇ ಮಣ್ಣು ಕಲಸುತ್ತಿದ್ದ ಅವಳ ರಟ್ಟೆ ಹಿಡಿದು ಕಲಿಪಾ ಕೆಸರುಗಾಲಲ್ಲೇ ಶಾಲೆಗೆ ನುಗ್ಗಿದಳು. ರಾಜಧಾನಿ ಬಿಷ್ಕೆಕ್‌ನಿಂದ ಬಂದಿದ್ದ ಪರೀಕ್ಷಕ ಏರ್ಕಿನ್‌ಬೆಕ್ ಚಹಾ ಕುಡಿಯುತ್ತ ಕೂತಿದ್ದ.

"ಏನಪ್ಪಾ, ನನ್ನ ಮಗಳು ಯಾರಿಗೂ ಆಗದವಳು ಅಂತ ಬರೆದಿದ್ದೀಯಂತೆ?"

"ಬರೆದದ್ದು ಅವಳೇ, ಅಕ್ಕಾ. ಯಾರಿಗೂ ಗೊತ್ತಾಗದ ಹಾಗೆ ಸಹಾಯ ಮಾಡ್ತೀಯಾ ಅಂದ್ರೆ 'ಇಲ್ಲ'. ನಾಲ್ಕು ಜನರ ಎದುರಿಗೆ ಅಂದ್ರೆ 'ಹೌದು'. ಇದಕ್ಕೆ ತೋರಿಕೆಯ ಸಹಾಯ ಅಂತಾರೆ."

"ಗೋಡೆ ಕಟ್ಟೋದು ಕದ್ದುಮುಚ್ಚಿ ಆಗುತ್ತೇನೋ? ತೊಲೆ ಎತ್ತೋಕೆ ಜನ ಬೇಡ್ವಾ?"

"ಅದಿರಲಿ. ಯಾರಾದ್ರೂ ಕೇಳಿದಾಗ ಸಹಾಯ ಮಾಡ್ತೀಯಾ ಅನ್ನೋದಕ್ಕೂ 'ಇಲ್ಲ' ಅಂದಿದ್ದಾಳಲ್ಲ."

ಕಲಿಪಾ ಮಗಳ ಕಡೆ ತಿರುಗಿದಳು. "ತಲೇಲಿ ಕುರಿಗೊಬ್ಬರ ತುಂಬ್ಕೊಂಡಿದ್ದೀಯೇನೇ?"

"ಕೇಳೋ ತನಕ ನಾವು ಯಾವತ್ತು ಕಾದಿದ್ದೀವಮ್ಮಾ?" ಚೊಲ್ಪೊನ್ ತಲೆ ಎತ್ತಲಿಲ್ಲ. "ಪಕ್ಕದ ಮನೆ ಅಜ್ಜಿ ಒಲೇಲಿ ಹೊಗೆ ಕಾಣ್ಲಿಲ್ಲ ಅಂತ ನಾವೇ ಓಡಿ ಹೋದ್ವಿ. ಬಾಯಿಬಿಟ್ಟು ಕೇಳೋ ಹಾಗೆ ಮಾಡೋದು ನಾಚಿಕೆಗೇಡು ಅಂತ ನೀನೇ ಹೇಳಿದ್ದು."

ಆ ಊರಲ್ಲಿ ನೆರೆಯವರಿಂದ ಬೇಡಿಸಿಕೊಂಡ ಮನೆಗೆ ಅಂಟಿದ ಕೆಟ್ಟ ಹೆಸರು ಮೊಮ್ಮಕ್ಕಳ ಕಾಲಕ್ಕೂ ತೊಳೆದುಹೋಗುವುದಿಲ್ಲ.

ಏರ್ಕಿನ್‌ಬೆಕ್ ನಕ್ಕು ಪೆನ್ನನ್ನು ಹುಡುಗಿಯ ಮುಂದೆ ತಳ್ಳಿದ. "ಅಂಕದ ಕ್ರಮ ನಾನು ಬದಲಾಯಿಸೋ ಹಾಗಿಲ್ಲ. ನೀನು ಉತ್ತರ ತಿದ್ದಬಹುದು. 'ಹೌದು' ಅಂತ ಹಾಕಿಬಿಡು, ಸೀಟು ನಿನ್ನದೇ."

"ಹಾಗೆ ಬರೆದ್ರೆ, ಜನ ಬೇಡೋ ತನಕ ಕೂತಿರೋಳು ಅಂತಾಗುತ್ತೆ. ನಾನು ಬರೆಯಲ್ಲ."

"ಬರಿಯೇ," ಎಂದಳು ಕಲಿಪಾ. "ಸುಳ್ಳಾದ್ರೂ ಬರಿ."

ಆಡಿದ ಮಾತು ಅವಳಿಗೇ ಚುಚ್ಚಿತು. ಬುದ್ಧಿ ಕಲಿಸಿದ ಬಾಯಲ್ಲೇ ಇಂಥ ಮಾತು ಹೊರಡಿಸಿದರಲ್ಲ ಎಂದು ಮೈಯೆಲ್ಲ ಉರಿದುಹೋಯಿತು. ಮಗಳ ಮುಂದಿದ್ದ ಪೆನ್ನನ್ನು ತಾನೇ ಎತ್ತಿ ಅವನೆದುರು ಕುಕ್ಕಿದಳು.

"ರೋಗಿ ನರಳಿ ಕರೆಯೋ ತನಕ ಕಾಲುಚಾಚಿ ಕೂತಿರೋ ನರ್ಸೇ ನಿಮಗೆ ಬೇಕಾಗಿರೋದು. ಅಂಥವಳೇ ಸಿಗಲಿ, ನಿನ್ನ ಹಾಸಿಗೆ ಪಕ್ಕಕ್ಕೇ ಸಿಗಲಿ."

ಸೀಟು ಬೇರೆ ಹುಡುಗಿಗೆ ಹೋಯಿತು.